ಆಕ್ಷೇಪ, ಸಮಾಧಾನ ಮತ್ತು ಎರಡು ಮರೆತ ಅಕ್ಷರಗಳು

ಕೆ.ಆರ್.ಪೇಟೆಯ ಹೆಸರಿನಲ್ಲಿ ಕನ್ನಡದ್ದೇ ಜಾಲವಿಳಾಸ ಬೇಕೆಂದರೆ ಮೊದಲ ತೊಡಕು ಊರಿನ ಹೆಸರಿನಲ್ಲೇ ಇದೆ. ವಿಳಾಸದೊಳಗೆ ಚುಕ್ಕಿ ಬಂದರೆ ಒಂದು ಭಾಗ ಮುಗಿಯಿತೆಂದು ಅರ್ಥ. ಆದ್ದರಿಂದ ಚುಕ್ಕಿ ತೆಗೆಯಬೇಕು. ತೆಗೆದರೆ ರ್ ಹೋಗಿ ಅರ್ಕಾವತ್ತಾಗಿ ಕೂತು ‘ಕೆಆರ್ಪೇಟೆ’ ಆಗುತ್ತದೆ. ಬಿಡಿಸಿ ‘ಕೆಆರ್‌ಪೇಟೆ’ ಎಂದು ತೋರಿಸಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇಡಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳಿಗೆ ಈ ತಾಪತ್ರಯವಿಲ್ಲ.

ಆ ಕಾಣದ ಚಿಹ್ನೆಗೆ ಅಂತರಜಾಲದ ಮಾನಕಗಳು ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. 2003ರ ನಿಯಮ ಅದನ್ನು ಸದ್ದಿಲ್ಲದೆ ಅಳಿಸಿಹಾಕುತ್ತಿತ್ತು; ಎರಡು ಬರಹಗಳೂ ಒಂದೇ ವಿಳಾಸವಾಗುತ್ತಿದ್ದವು. 2010ರ ಪರಿಷ್ಕರಣೆ, ಆರ್‌ಎಫ್‌ಸಿ 5892, ವ್ಯಂಜನದ ಕೆಳಗೆ ವಿರಾಮವಿದ್ದರೆ ಅದರ ನಂತರ ಈ ಚಿಹ್ನೆ ಬರಬಹುದೆಂದು ಒಪ್ಪಿತು. ವಿಳಾಸದ ಕೊನೆಯ ತುದಿಯಲ್ಲಿ, ‘.ಭಾರತ’ದಂಥ ಹೆಸರುಗಳಿರುವ ಮೂಲವಲಯದಲ್ಲಿ, ಅದಕ್ಕೆ ಇಂದಿಗೂ ಪ್ರವೇಶವಿಲ್ಲ. ಪ್ರತಿ ಸಲವೂ ನಿಯಮದ ಕರಡನ್ನು ಓದಿದವರು ಆಕ್ಷೇಪ ಎತ್ತಿದರು, ಬರೆದವರು ಸಮಾಧಾನ ಹೇಳಿದರು. ನಿಯಮಗಳು ಹೀಗೆ ಬೆಳೆದವು. ಈ ಕ್ಷೇತ್ರದ ನಿಜವಾದ ಚರಿತ್ರೆ ಅಂತಿಮ ಪಠ್ಯಕ್ಕಿಂತ ಹೆಚ್ಚಾಗಿ ಆ ಸಮಾಧಾನಗಳಲ್ಲಿದೆ ಎಂಬುದು ನನ್ನ ಎಣಿಕೆ.

ಹೀಗೆ ಆಕ್ಷೇಪ ಕರೆಯುವ ಪದ್ಧತಿ ಶುರುವಾದದ್ದು 1969ರ ಏಪ್ರಿಲ್‌ನಲ್ಲಿ. ಕ್ಯಾಲಿಫೋರ್ನಿಯಾದ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಮೊದಲ ಟಿಪ್ಪಣಿ ಬರೆದು ಶುರುಮಾಡಿದ ಸರಣಿಗೆ ಇಟ್ಟ ಹೆಸರೇ ‘ಅಭಿಪ್ರಾಯಗಳಿಗೆ ಕೋರಿಕೆ’, ಅಂದರೆ ಆರ್‌ಎಫ್‌ಸಿ. ಹಿರಿಯರು ಯಾರಾದರೂ ಮುನಿಸಿಕೊಂಡಾರೆಂಬ ಅಳುಕು ಆ ವಿನಯದ ಹಿಂದಿತ್ತು. 1996ರ ಆರ್‌ಎಫ್‌ಸಿ 2026 ಇದನ್ನು ಕ್ರಮಬದ್ಧಗೊಳಿಸಿತು: ಕಾರ್ಯಗುಂಪಿನ ಕರಡಿಗೆ ಕೊನೆಯ ಕರೆಯಲ್ಲಿ ಕನಿಷ್ಠ ಎರಡು ವಾರ, ಗುಂಪಿನ ಹೊರಗಿನಿಂದ ಬಂದದ್ದಕ್ಕೆ ನಾಲ್ಕು ವಾರ ಕಾಲಾವಕಾಶ. ಈ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಐಇಟಿಎಫ್‌ನಲ್ಲಿ ಮತ ಎಣಿಸುವುದಿಲ್ಲ. 2014ರ ಆರ್‌ಎಫ್‌ಸಿ 7282 ಇದರ ತಿರುಳನ್ನು ಬಿಡಿಸಿ ಹೇಳುತ್ತದೆ: ಪ್ರತಿ ಆಕ್ಷೇಪವನ್ನೂ ಒಪ್ಪಬೇಕಾಗಿಲ್ಲ, ಆದರೆ ಪ್ರತಿಯೊಂದಕ್ಕೂ ಉತ್ತರ ಸಿಕ್ಕಿರಬೇಕು. ನೂರು ಜನ ಬೇಡವೆಂದರೂ ಅವರ ಕಾರಣಕ್ಕೆ ತಕ್ಕ ಉತ್ತರವಿದ್ದರೆ ಕೆಲಸ ಮುಂದೆ ಸಾಗಬಹುದು; ಒಬ್ಬನೇ ಎತ್ತಿದ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಿಲ್ಲಬೇಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪಂಡಿತರಿಗೆ ಇದು ಹೊಸದಲ್ಲ. ಅವರು ಓದುವ ರಾಮಾನುಜರ ಶ್ರೀಭಾಷ್ಯ ತನ್ನ ಸಿದ್ಧಾಂತಕ್ಕೆ ಬರುವ ಮೊದಲು ಎದುರಾಳಿಯ ವಾದವನ್ನು ಮಹಾಪೂರ್ವಪಕ್ಷವಾಗಿ ಪೂರ್ತಿ ಕಟ್ಟಿ ನಿಲ್ಲಿಸುತ್ತದೆ.

ಕನ್ನಡದ ಮಟ್ಟಿಗೆ ಆರಂಭ ಅಷ್ಟು ಚೆನ್ನಾಗಿರಲಿಲ್ಲ. ಹಳಗನ್ನಡದ ೞ ಅಕ್ಷರ, ಲಿಪಿಗಳಿಗೆ ಗಣಕಸಂಕೇತ ಕೊಡುವ ಮಾನಕವಾದ 1991ರ ಮೊದಲ ಯೂನಿಕೋಡ್‌ನಲ್ಲೇ ಇದೆ, ಆದರೆ ಅದಕ್ಕೆ ಇಟ್ಟ ಅಧಿಕೃತ ಹೆಸರು ‘ಫ಼’! ಕರಡನ್ನು ಕನ್ನಡ ಬಲ್ಲವರೊಬ್ಬರು ಓದಿದ್ದರೂ ಸಾಕಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಆಮೇಲೆ ಬಂದದ್ದರಿಂದ ತಪ್ಪು ಹೆಸರು ಹಾಗೇ ಉಳಿದು, ಸರಿಯಾದದ್ದು ಪರ್ಯಾಯ ನಾಮವಾಗಿ ಪಕ್ಕಕ್ಕೆ ಸೇರಿತು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ (ಕೆ.ಆರ್.ಪೇಟೆ), ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ; ನಾಗಮಂಗಲದವು ಏಳನೆಯದರಲ್ಲಿ. ಅಲ್ಲಿನ ಹಳಗನ್ನಡ ಶಾಸನಗಳನ್ನು ಗಣಕಕ್ಕೆ ಏರಿಸುವವರಿಗೆ ಈ ೞ ಬೇಕೇ ಬೇಕು.

ಇದಕ್ಕಿಂತ ಸ್ವಾರಸ್ಯದ ಪ್ರಸಂಗ ಜಿಹ್ವಾಮೂಲೀಯ ಮತ್ತು ಉಪಧ್ಮಾನೀಯಗಳದ್ದು. ಕ, ಖಗಳ ಹಿಂದೆ ಬರುವ ವಿಸರ್ಗಕ್ಕೆ ೱ, ಪ, ಫಗಳ ಹಿಂದೆ ಬರುವುದಕ್ಕೆ ೲ. ವ್ಯಾಕರಣದಲ್ಲಿ ಯೋಗವಾಹಗಳೆಂದು ಪಾಠವಾಗಿ ಕಲಿತವರೂ ಇವನ್ನು ಬರೆದಿರುವುದು ಅಪರೂಪ. ಹಳೆಯ ಸಂಸ್ಕೃತ ಶಾಸನಗಳಲ್ಲಿ ಸಿಗುತ್ತವೆ. ಯೂನಿಕೋಡ್ ಇವನ್ನು ಮೊದಲು ‘ಚಿಹ್ನೆ’ಗಳ ಸಾಲಿಗೆ ಹಾಕಿತ್ತು. 2010ರ ಆರನೆಯ ಆವೃತ್ತಿ ‘ಅಕ್ಷರ’ಗಳ ಸಾಲಿಗೆ ಸೇರಿಸಿತು. ಅಷ್ಟೇ ಸಾಕಾಯಿತು: ಜಾಲವಿಳಾಸದ ನಿಯಮ ಯೂನಿಕೋಡ್‌ನ ವರ್ಗವನ್ನು ನೋಡಿಯೇ ಲೆಕ್ಕ ಹಾಕುವುದರಿಂದ, ಅಲ್ಲಿಯವರೆಗೆ ನಿಷಿದ್ಧವಾಗಿದ್ದ ಈ ಎರಡು ಏಕಾಏಕಿ ಸಿಂಧುವಾದವು. ಜೊತೆಗೆ ಹೊಸ ತೈ ಲ್ಯು ಲಿಪಿಯ ಒಂದು ಅಂಕಿ ಉಲ್ಟಾ ದಿಕ್ಕಿನಲ್ಲಿ, ಸಿಂಧುವಿನಿಂದ ನಿಷಿದ್ಧಕ್ಕೆ, ಹೋಯಿತು.

ಐಇಟಿಎಫ್‌ನ ಮುಂದೆ ಎರಡು ದಾರಿಗಳಿದ್ದವು: ಹಳೆಯ ಸ್ಥಿತಿ ಉಳಿಸಲು ಇವುಗಳಿಗೆ ವಿನಾಯಿತಿಯ ಪಟ್ಟಿ ಮಾಡುವುದು, ಅಥವಾ ಯೂನಿಕೋಡ್ ಹೇಳಿದಂತೆ ನಡೆಯುವುದು. ಸಾಕಷ್ಟು ವಾದವಾದ ಮೇಲೆ 2011ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 6452 ಪ್ರಕಟವಾಯಿತು. ಬರೆದವರು ಪ್ಯಾಟ್ರಿಕ್ ಫಾಲ್ಟ್‌ಸ್ಟ್ರೋಮ್ ಮತ್ತು ಪಾಲ್ ಹಾಫ್‌ಮನ್. ಅದರ ತೀರ್ಮಾನ: 5892ರಲ್ಲಿ ಏನೂ ತಿದ್ದುವುದು ಬೇಡ. ಏನನ್ನೂ ಬದಲಿಸುವುದಿಲ್ಲ ಎಂದು ಹೇಳಲಿಕ್ಕೇ ಒಂದು ಮಾನಕ! ನಮ್ಮ ಕಚೇರಿಗಳಲ್ಲಿ ಬದಲಾವಣೆ ಬೇಡವೆಂದಾದರೆ ಕಡತ ಮುಚ್ಚುವುದು ರೂಢಿ. ಇಲ್ಲಿ ಬೇಡ ಎಂಬುದಕ್ಕೂ ಕಾರಣ ಬರೆದು, ಸಂಖ್ಯೆ ಕೊಟ್ಟು ಇಟ್ಟಿದ್ದಾರೆ. ಮುಂದೆ ಯಾರೇ ಅದೇ ಪ್ರಶ್ನೆ ಎತ್ತಿದರೂ ತೋರಿಸಲು ಒಂದು ಕಾಗದವಿದೆ.

ಮುಂದಿನ ಘಟ್ಟದಲ್ಲಿ ಕನ್ನಡಿಗರೇ ಉತ್ತರಿಸುವ ಕಡೆ ಕೂತರು. ಮೂಲವಲಯದ ಹೆಸರುಗಳಿಗೆ ನಿಯಮ ರೂಪಿಸಲು, ಜಾಲವಿಳಾಸಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್‌ನ ಕ್ರಮದಲ್ಲಿ ರಚನೆಯಾದ ನವಬ್ರಾಹ್ಮಿ ಸಮಿತಿ ಒಂಬತ್ತು ಲಿಪಿಗಳನ್ನು ಕೈಗೆತ್ತಿಕೊಂಡಿತು. ಕನ್ನಡಕ್ಕೆ ದೊಡ್ಡ ತಲೆನೋವು ತೆಲುಗು. ಗ, ನ, ಲ ಮೊದಲಾದವು ಎರಡು ಲಿಪಿಗಳಲ್ಲೂ ಒಂದನ್ನೊಂದು ಹೋಲುವುದರಿಂದ, ಅಂಥವೇ ಸೇರಿದ ಹೆಸರು ಬೇರೆ ಲಿಪಿಯಲ್ಲಿ ಬೇರೆಯವರ ಪಾಲಾದರೆ ಮೋಸಕ್ಕೆ ಹಾದಿ. ಹಾಗಾಗಿ ಲಿಪಿ ದಾಟಿದ ರೂಪಾಂತರಗಳ ಪಟ್ಟಿ ಬೇಕಾಯಿತು. ಎರಡು ಭಾಷೆಯವರೂ ಒಪ್ಪಬೇಕಾದ ಪಟ್ಟಿ. ಸಮಿತಿಯ ಪ್ರಸ್ತಾವಗಳನ್ನು ಸಾರ್ವಜನಿಕರ ಮುಂದಿಡುವುದು, ಮತ್ತೊಂದು ತಜ್ಞ ಸಮಿತಿ ತಪಾಸಿಸುವುದು ಇಲ್ಲಿನ ಕ್ರಮ. ಮೂಲವಲಯ ನಿಯಮಾವಳಿಯ 2019ರ ಜುಲೈನ ಮೂರನೆಯ ಆವೃತ್ತಿಯಲ್ಲಿ ಕನ್ನಡವೂ ತೆಲುಗೂ ಜೊತೆಯಾಗಿ ಸೇರಿದವು.

ಈ ನಡುವೆ ಯೂನಿಕೋಡ್ ಬೆಳೆಯುತ್ತಲೇ ಇದೆ. ಶಾಸನಗಳ ಮೊದಲಿಗೆ ಬರುವ ಕನ್ನಡದ ಸಿದ್ಧಂ ಚಿಹ್ನೆ 2018ರಲ್ಲಿ ಬಂತು. ಶಾಸನಗಳಲ್ಲಿ ಸ್ವರವಿಲ್ಲದ ನ್‌ಗೆ ಬಳಸುತ್ತಿದ್ದ ನಕಾರಪೊಲ್ಲು 2021ರಲ್ಲಿ ಸೇರಿತು. ಹೀಗೆ ಹೊಸ ಅಕ್ಷರ ಬಂದಾಗಲೆಲ್ಲ 2010ರ ಗಲಿಬಿಲಿ ಮರುಕಳಿಸಬಾರದೆಂದು 2020ರ ಆರ್‌ಎಫ್‌ಸಿ 8753 ತಪಾಸಣೆಯನ್ನು ಎರಡಾಗಿ ಒಡೆದಿದೆ: ಹಳೆಯ ಅಕ್ಷರಗಳ ಲೆಕ್ಕ ಬದಲಾಯಿತೇ ಎಂಬುದು ಒಂದು, ಹೊಸ ಅಕ್ಷರಗಳನ್ನು ಪರಿಣತರು ಒಂದೊಂದಾಗಿ ನೋಡುವುದು ಇನ್ನೊಂದು. ಎರಡನೆಯದಕ್ಕೆ ಶಾಸನ ಓದಬಲ್ಲವರು ಬೇಕು. ಜಾಲದ ನಿಯಮವನ್ನೂ ಪೂರ್ವದ ಹಳಗನ್ನಡವನ್ನೂ ಬಲ್ಲವರು ನಮ್ಮಲ್ಲಿ ವಿರಳ.