ಮೂರೂವರೆ ಮಿಲಿಮೀಟರಿನ ಒಂದು ದಿನ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಇತಿಹಾಸದ ಪಾಠದಲ್ಲಿ 1869 ಎಂಬ ಇಸವಿ ಬಂದಾಗ ನಾನು ಅದನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು ಎರಡು ಅಡಿಗೆರೆ ಎಳೆಯುತ್ತಿದ್ದೆ. ಸೂಯೆಜ್ ಕಾಲುವೆ ತೆರೆದದ್ದು ಆ ವರ್ಷದ ನವೆಂಬರಿನಲ್ಲಿ. ಅಮೆರಿಕದ ಪೂರ್ವಭಾಗದ ರೈಲುಜಾಲವೂ ಕ್ಯಾಲಿಫೋರ್ನಿಯವೂ ಒಂದಾದದ್ದು ಅದೇ ವರ್ಷದ ಮೇ 10ರಂದು. "ಒಂದು ಇಸವಿ ನೆನಪಿಟ್ಟರೆ ಎರಡು ಪ್ರಶ್ನೆಗೆ ಉತ್ತರ" ಎಂದು ನಾನು ಹೇಳುತ್ತಿದ್ದುದನ್ನು ಒಬ್ಬ ಶಿಷ್ಯ ಈಚೆಗೆ ಮದುವೆಯ ಮನೆಯೊಂದರಲ್ಲಿ ನನ್ನದೇ ಧ್ವನಿಯಲ್ಲಿ ಅಣಕಿಸಿ ತೋರಿಸಿದ. ಆ ಪಾಠವನ್ನು ನಾನು ಎಷ್ಟು ಅರೆಬರೆಯಾಗಿ ಮಾಡಿದ್ದೆನೆಂಬುದು ತಿಳಿದದ್ದು ಎಪ್ಪತ್ತು ದಾಟಿದ ಮೇಲೆ, ಮಗನ ಮನೆಯ ನೆಲಮಾಳಿಗೆಯಲ್ಲಿ.

ಮಗನು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನ ಹತ್ತಿರ ವಾಸವಾಗಿದ್ದಾನೆ. ಅವನ ಮನೆಯ ನೆಲಮಾಳಿಗೆಯಲ್ಲಿ ಒಂದು ರೈಲುಮಾರ್ಗವಿದೆ. ಮೊದಲು ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದೇ ಪ್ಲೈವುಡ್ ಹಲಗೆಯ ಮೇಲೆ ಆರಂಭವಾದದ್ದು ಈಗ ಮೂರು ಗೋಡೆಗಳನ್ನು ಬಳಸಿ ಬಂದಿದೆ. ಹಳಿಗಳ ನಡುವಿನ ಅಂತರ ಹದಿನಾರೂವರೆ ಮಿಲಿಮೀಟರು. ಇದಕ್ಕೆ ಎಚ್.ಒ. ಪ್ರಮಾಣವೆಂದು ಹೆಸರು; ನಿಜವಾದ ವಸ್ತುವಿನ ಎಂಬತ್ತೇಳನೆಯ ಒಂದು ಭಾಗ. ಇನ್ನೂ ಸರಿಯಾಗಿ ಹೇಳುವುದಾದರೆ, ನಿಜದ ಒಂದು ಅಡಿಗೆ ಇಲ್ಲಿ ಮೂರೂವರೆ ಮಿಲಿಮೀಟರು. ಈ ಮೂರೂವರೆ ಮಿಲಿಮೀಟರನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಆಟದ ಸಾಮಾನೆಂದು ನಾನು ಮೊದಲು ಅಸಡ್ಡೆ ಮಾಡಿದ್ದು ನಿಜ. ಆದರೆ ಲೆಕ್ಕ ನನ್ನನ್ನು ಸೆಳೆಯಿತು. ಗಂಟೆಗೆ ಅರುವತ್ತು ಮೈಲಿ ಎಂದರೆ ಸೆಕೆಂಡಿಗೆ ಎಂಬತ್ತೆಂಟು ಅಡಿ. ಅದನ್ನು ಎಂಬತ್ತೇಳರಿಂದ ಭಾಗಿಸಿದರೆ, ಈ ಹಲಗೆಯ ಮೇಲೆ ಸೆಕೆಂಡಿಗೆ ಒಂದು ಅಡಿ ಓಡುವ ಗಾಡಿಯು ಅರುವತ್ತು ಮೈಲಿ ವೇಗದ ಎಕ್ಸ್‌ಪ್ರೆಸ್ಸು! ನಾನು ಕೈಗಡಿಯಾರ ಹಿಡಿದು ನಿಂತೆ. ಮೊಮ್ಮಗ ಅಡಿಕೋಲು ಹಿಡಿದ. ಅವನಿಗೆ ಹನ್ನೊಂದು ವರ್ಷ. ಆ ಬೇಸಿಗೆಯ ಬೆಳಗುಗಳೆಲ್ಲ ಹೀಗೆಯೇ ಕಳೆದವು.

ಇಂಜಿನ್ನುಗಳನ್ನು ನಡೆಸುವ ಕ್ರಮವೂ ವಿಚಿತ್ರವಾದುದು. ಹಿಂದಿನ ಕಾಲದ ಮಾದರಿಗಳಲ್ಲಿ ಹಳಿಗೆ ಹರಿಸುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಆದ್ದರಿಂದ ಒಂದೇ ಹಳಿಯ ಮೇಲಿರುವ ಎಲ್ಲ ಇಂಜಿನ್ನುಗಳೂ ಒಟ್ಟಿಗೇ ಹೊರಡುತ್ತಿದ್ದವು. ಈಗಿನ ಡಿಜಿಟಲ್ ವ್ಯವಸ್ಥೆಯಲ್ಲಿ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ, ಅದರ ಜೊತೆಯಲ್ಲೇ ಆಜ್ಞೆಗಳೂ ಹರಿಯುತ್ತವೆ. ಪ್ರತಿಯೊಂದು ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ಪುಟ್ಟ ಡಿಕೋಡರ್ ಇದ್ದು, ಅದು ತನ್ನ ಸಂಖ್ಯೆಗಾಗಿ ಕಿವಿಗೊಟ್ಟಿರುತ್ತದೆ. ನನಗೆ ಹಾಜರಿ ಪುಸ್ತಕ ನೆನಪಾಯಿತು. ಸಂಖ್ಯೆ ಕೂಗಿದಾಗ ಆ ಹುಡುಗ ಮಾತ್ರ "ಪ್ರೆಸೆಂಟ್ ಸಾರ್" ಎನ್ನಬೇಕು. ವ್ಯತ್ಯಾಸವಿಷ್ಟೆ: ಇಲ್ಲಿ ಯಾರೂ ಮತ್ತೊಬ್ಬರ ಪರವಾಗಿ ಕೂಗುವುದಿಲ್ಲ. (ಯಾರನ್ನು ಕುರಿತು ಹೇಳುತ್ತಿದ್ದೇನೆಂಬುದು ಅವರಿಗೆ ಗೊತ್ತು.)

ಮಗನ ಹಾಜರಿ ಪುಸ್ತಕದ ಮುಖ್ಯ ಸಂಖ್ಯೆಗಳು 60, 119 ಮತ್ತು 4014. ಮೊದಲನೆಯದು ಸೆಂಟ್ರಲ್ ಪೆಸಿಫಿಕ್ ಕಂಪನಿಯ 'ಜ್ಯೂಪಿಟರ್', ಎರಡನೆಯದು ಯೂನಿಯನ್ ಪೆಸಿಫಿಕ್ ಕಂಪನಿಯದು. 1869ರ ಆ ದಿನ ಯೂಟಾ ಪ್ರದೇಶದ ಪ್ರಾಮಂಟರಿ ಸಮಿಟ್ ಎಂಬ ದಿಣ್ಣೆಯ ಮೇಲೆ ಮೂತಿಗೆ ಮೂತಿ ಕೊಟ್ಟು ನಿಂತ ಇಂಜಿನ್ನುಗಳು ಇವೇ. ಜ್ಯೂಪಿಟರ್ ಸೌದೆ ಉರಿಸುತ್ತಿತ್ತು. 119 ಕಲ್ಲಿದ್ದಲು ತಿನ್ನುತ್ತಿತ್ತು. ಜ್ಯೂಪಿಟರಿನ ಬಲೂನಿನಂತಹ ಹೊಗೆಗೊಳವೆ ಸೌದೆಯ ಕಿಡಿಗಳನ್ನು ತಡೆಯುವುದಕ್ಕೆ, ಅಂದಕ್ಕಲ್ಲ. ಅಸಲಿಗೆ ಸಮಾರಂಭಕ್ಕೆ ಬರಬೇಕಾಗಿದ್ದುದು ಜ್ಯೂಪಿಟರ್ ಅಲ್ಲವೇ ಅಲ್ಲ. ಕಂಪನಿಯ ಅಧ್ಯಕ್ಷ ಲೆಲೆಂಡ್ ಸ್ಟ್ಯಾನ್‌ಫರ್ಡನ ಗಾಡಿಯನ್ನು ಎಳೆಯುತ್ತಿದ್ದ 'ಆಂಟಿಲೋಪ್' ಎಂಬ ಇಂಜಿನ್ನಿಗೆ ದಾರಿಯಲ್ಲಿ ಮರದ ದಿಮ್ಮಿಯೊಂದು ಬಡಿದು ಕೆಟ್ಟುಹೋದುದರಿಂದ ಇದು ಬಂದಿತು. ಇತಿಹಾಸದಲ್ಲಿ ಹೆಸರು ಉಳಿಯುವುದಕ್ಕೆ ಒಂದು ದಿಮ್ಮಿಯೂ ಕಾರಣವಾಗಬಹುದು. ಆದರೆ ಹೆಸರು ಉಳಿದರೂ ಮೈ ಉಳಿಯಲಿಲ್ಲ. 119 ಇಂಜಿನ್ನನ್ನು 1903ರಲ್ಲಿಯೂ ಜ್ಯೂಪಿಟರನ್ನು 1909ರಲ್ಲಿಯೂ ಗುಜರಿಗೆ ಹಾಕಿದರು. ಪ್ರಾಮಂಟರಿಯಲ್ಲಿ ಇಂದು ಓಡುವುವು 1979ರಲ್ಲಿ ಕಟ್ಟಿದ ಪ್ರತಿಕೃತಿಗಳು.

ಜ್ಯೂಪಿಟರ್ ತಯಾರಾದದ್ದು 1868ರಲ್ಲಿ, ನಾನು ಕುಳಿತು ಕಾಫಿ ಕುಡಿಯುತ್ತಿದ್ದ ಮನೆಯ ಪಕ್ಕದ ಈ ಸ್ಕೆನೆಕ್ಟಡಿಯಲ್ಲೇ! ಇಲ್ಲಿಂದ ಅದನ್ನು ಬಿಡಿಭಾಗಗಳಾಗಿ ಬಿಚ್ಚಿ, ಹಡಗಿಗೆ ಹೇರಿ, ಸ್ಯಾನ್ ಫ್ರಾನ್ಸಿಸ್ಕೊಗೆ ಸಾಗಿಸಿದರು. ನೆಲದ ಮೇಲೆ ಒಯ್ಯಲು ರೈಲು ಇರಲಿಲ್ಲ. ಆ ರೈಲನ್ನು ಪೂರೈಸುವುದಕ್ಕಾಗಿಯೇ ಅಲ್ಲವೇ ಇಂಜಿನ್ನು ಬೇಕಾಗಿದ್ದುದು. ಈ ಕಾರ್ಖಾನೆ 1901ರಲ್ಲಿ ಇತರ ಕೆಲವು ಕಾರ್ಖಾನೆಗಳೊಡನೆ ಸೇರಿ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಅಂದರೆ ಆಲ್ಕೊ ಆಯಿತು. 4014 ಎಂಬ 'ಬಿಗ್ ಬಾಯ್' ಕೂಡ 1941ರಲ್ಲಿ ಇಲ್ಲಿಯೇ ಹುಟ್ಟಿದ್ದು. ಈ ಜಾತಿಯವು ಒಟ್ಟು ಇಪ್ಪತ್ತೈದು. ಟೆಂಡರ್ ಸೇರಿ ಉದ್ದ ಸುಮಾರು 132 ಅಡಿ, ತೂಕ ಸುಮಾರು 540 ಟನ್ನು. ವಾಸಾಚ್ ಪರ್ವತಗಳ ಏರಿನಲ್ಲಿ 3,600 ಟನ್ನಿನ ಗೂಡ್ಸ್ ಗಾಡಿಯನ್ನು ಮತ್ತೊಂದು ಇಂಜಿನ್ನಿನ ನೆರವಿಲ್ಲದೆ ಎಳೆಯಲೆಂದು ಅದನ್ನು ರೂಪಿಸಿದರು. ಕಾರ್ಖಾನೆಯಲ್ಲಿ ಯಾವನೋ ಕೆಲಸಗಾರ ಸೀಮೆಸುಣ್ಣದಿಂದ ಅದರ ಮೂತಿಯ ಮೇಲೆ ಗೀಚಿದ ಹೆಸರೇ ನಿಂತಿತು. ಆ ಕೆಲಸಗಾರ ಯಾರೆಂಬುದು ಯಾರಿಗೂ ತಿಳಿಯದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತಣ್ಣಗೆ ಮಲಗಿದ್ದ 4014 ಇಂಜಿನ್ನನ್ನು ದುರಸ್ತಿ ಮಾಡಿ, 2019ರಲ್ಲಿ ಆ 1869ರ ನೂರೈವತ್ತನೆಯ ವರ್ಷಾಚರಣೆಗೆ ಮತ್ತೆ ಓಡಿಸಿದರು. ಆ ಸುದ್ದಿಯನ್ನು ನೋಡಿಯೇ ಮಗನು ಒಂದೂವರೆ ಅಡಿ ಉದ್ದದ ತನ್ನ ಬಿಗ್ ಬಾಯನ್ನು ಕೊಂಡದ್ದು. ಬೆಲೆಯನ್ನು ಸೊಸೆಯ ಮುಂದೆ ಇಂದಿಗೂ ಹೇಳಿಲ್ಲ.

ಇನ್ನೊಂದು ಮಾತು. 1960ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದ ಡೀಸೆಲ್ ಇಂಜಿನ್ನುಗಳ ಮೂಲವೂ ಈ ಆಲ್ಕೊ ಕಂಪನಿಯೇ. ಬ್ರಾಡ್‌ಗೇಜಿನ ಡಬ್ಲ್ಯೂಡಿಎಂ-2, ಮೀಟರ್‌ಗೇಜಿನ ವೈಡಿಎಂ-4 ಎರಡೂ ಅದರ ವಿನ್ಯಾಸಗಳು. ಮುಂದೆ ವಾರಾಣಸಿಯಲ್ಲಿ ಅವನ್ನು ನಾವೇ ತಯಾರಿಸಿಕೊಂಡೆವು. ಅರಸೀಕೆರೆಯಿಂದ ಹಾಸನಕ್ಕೆ ಮೀಟರ್‌ಗೇಜ್ ಗಾಡಿಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಹೊತ್ತು ಓಡಾಡಿದ ನನಗೆ, ಆ ಗುಡುಗುಡು ಸದ್ದಿನ ತವರುಮನೆ ಮಗನ ಊರೆಂಬುದು ತಿಳಿದಿರಲಿಲ್ಲ. ಒಂದು ಭಾನುವಾರ ಮಗ ನನ್ನನ್ನು ಅಲ್ಲಿಗೆ ಕರೆದೊಯ್ದ. ಕಾರ್ಖಾನೆ 1969ರಲ್ಲೇ ಮುಚ್ಚಿತು. ಆ ನದೀತೀರದ ಜಾಗದಲ್ಲಿ ಈಗ ಜೂಜಿನ ಮಹಲೊಂದು ನಿಂತಿದೆ. ನಾವು ಒಳಗೆ ಹೋಗಲಿಲ್ಲ.

ಈಗ ಜಗಳದ ವಿಷಯ. ಮೊಮ್ಮಗನು ಜ್ಯೂಪಿಟರ್ ಮತ್ತು 119 ಮುಖಾಮುಖಿಯಾಗಿ ನಿಂತ ದೃಶ್ಯವನ್ನು ಕಟ್ಟಿ, ಪಕ್ಕದ ಹಳಿಯಲ್ಲಿ ಬಿಗ್ ಬಾಯನ್ನು ಓಡಿಸುತ್ತಿದ್ದ. ನನ್ನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. ಪ್ರಾಮಂಟರಿಯನ್ನು ಬಳಸದೆ ನೇರವಾಗಿ ಸರೋವರದ ಮೇಲೆ ಹಾದುಹೋಗುವ ಹೊಸ ಮಾರ್ಗ 1904ರಲ್ಲೇ ಆಗಿತ್ತು. 1942ರಲ್ಲಿ ಯುದ್ಧಕ್ಕೆ ಉಕ್ಕು ಬೇಕೆಂದು ಪ್ರಾಮಂಟರಿಯ ಹಳಿಗಳನ್ನೇ ಕಿತ್ತರು. "ಆ ದಿಣ್ಣೆಯನ್ನು ಬಿಗ್ ಬಾಯ್ ಕಂಡದ್ದೇ ಇಲ್ಲ. ನೀನು ಇತಿಹಾಸವನ್ನು ಕಲಸುಮೇಲೋಗರ ಮಾಡಿದ್ದೀಯೆ" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ, ಗೋಡೆಗೆ ಅಂಟಿಸಿದ್ದ ಛಾಯಾಚಿತ್ರವನ್ನು ತೋರಿಸಿದ. ಆಂಡ್ರೂ ರಸೆಲ್ ಎಂಬಾತ ಆ ದಿನ ತೆಗೆದ ಪ್ರಖ್ಯಾತ ಚಿತ್ರ. ಇಂಜಿನ್ನುಗಳ ಮೇಲೆಲ್ಲ ಜನ, ನಡುವೆ ಕೈಕುಲುಕು, ಬಾಟಲಿಗಳು. "ತಾತ, ಇದರಲ್ಲಿ ಚೈನೀಸ್ ಜನ ಎಲ್ಲಿದ್ದಾರೆ? ನೀವು ನಿಮ್ಮ ಕ್ಲಾಸಲ್ಲಿ ಏನಂತ ಹೇಳ್ತಿದ್ರಿ?"

ನಾನು ಏನೂ ಹೇಳುತ್ತಿರಲಿಲ್ಲ. ಇದೇ ಚಿತ್ರವನ್ನು ವರ್ಷವರ್ಷವೂ ತೋರಿಸಿ, ಬಂಗಾರದ ಮೊಳೆಯ ಕಥೆ ಹೇಳಿ, ಪೂರ್ವ ಪಶ್ಚಿಮಗಳು ಕೈಕುಲುಕಿದವು ಎಂದು ವಾಕ್ಯ ಬರೆಸುತ್ತಿದ್ದೆ. ಹಳಿ ಹಾಕಿದವರು ಯಾರೆಂದು ಕೇಳಲು ನನಗೆ ತೋಚಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಪಶ್ಚಿಮದ ಕಡೆಯಿಂದ ಸಿಯೆರಾ ನೆವಾಡ ಪರ್ವತಗಳನ್ನು ಕೊರೆದು ಬಂದ ಸೆಂಟ್ರಲ್ ಪೆಸಿಫಿಕ್ ಮಾರ್ಗದ ಕೆಲಸಗಾರರಲ್ಲಿ ಬಹುಪಾಲು ಚೀನೀಯರು, ಹತ್ತು ಸಾವಿರಕ್ಕೂ ಮಿಕ್ಕವರು. ಬಿಳಿಯರಿಗೆ ಸಂಬಳದ ಜೊತೆಗೆ ಊಟ ವಸತಿ. ಇವರಿಗೆ ಅದೂ ಸ್ವಂತ ಖರ್ಚು. 1867ರ ಜೂನಿನಲ್ಲಿ ಸಮಾನ ವೇತನ ಕೇಳಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಗಲಾಟೆಯಿಲ್ಲ, ಹೊಡೆದಾಟವಿಲ್ಲ, ತಮ್ಮ ಬಿಡಾರಗಳಲ್ಲಿ ಕುಳಿತರು. ಚಾರ್ಲ್ಸ್ ಕ್ರಾಕರ್ ಎಂಬ ಪಾಲುದಾರ ಆಹಾರದ ಸರಬರಾಜನ್ನೇ ನಿಲ್ಲಿಸಿದ. ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿಯಿತು. 1869ರ ಏಪ್ರಿಲ್ 28ರಂದು ಒಂದೇ ದಿನದಲ್ಲಿ ಹತ್ತು ಮೈಲಿ ಹಳಿ ಹಾಕಿದ ದಾಖಲೆಯಲ್ಲಿ ಹಳಿ ಎತ್ತಿಟ್ಟ ಎಂಟು ಐರಿಷ್ ಜನರ ಹೆಸರುಗಳಿವೆ. ಅಂದು ದುಡಿದ ಚೀನೀಯರ ಹೆಸರುಗಳಿಲ್ಲ. ವೇತನಪಟ್ಟಿಗಳಲ್ಲಿ ಸಾಮಾನ್ಯವಾಗಿ ತಂಡದ ಮುಖ್ಯಸ್ಥನ ಹೆಸರಷ್ಟೆ. 1864ರ ಪಟ್ಟಿಯೊಂದರಲ್ಲಿ ಹಂಗ್ ವಾ ಎಂಬವನಿದ್ದಾನೆ, ಅವನ ಕೈಕೆಳಗಿನವರು ಬರಿಯ ಸಂಖ್ಯೆ. ನಮ್ಮ ಹಾಜರಿ ಪುಸ್ತಕಕ್ಕಿಂತ ಕೆಟ್ಟದು. 1882ರಲ್ಲಿ ಚೀನೀ ಕೂಲಿಕಾರರು ದೇಶದೊಳಗೆ ಬರದಂತೆ ಕಾನೂನೇ ಆಯಿತು. ನ್ಯಾಯವಾಗಿ ಹೇಳಬೇಕೆಂದರೆ, ರಸೆಲ್ ತೆಗೆದ ಮತ್ತೊಂದು ಚಿತ್ರದಲ್ಲಿ ಕೊನೆಯ ಹಳಿಯ ಬಳಿ ಚೀನೀ ಕೆಲಸಗಾರರು ಇದ್ದಾರೆ. ಪುಸ್ತಕಗಳಿಗೆ ಸೇರಿದ್ದು ಮೊದಲನೆಯ ಚಿತ್ರ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ್ದು ಸುರಂಗ. ಸಿಯೆರಾದ ನೆತ್ತಿಯಲ್ಲಿರುವ ಸಮಿಟ್ ಸುರಂಗದ ಉದ್ದ 1,659 ಅಡಿ. ಗ್ರಾನೈಟ್ ಬಂಡೆ. ಎರಡು ತುದಿಗಳಿಂದಲೂ, ನಡುವೆ ಬಾವಿಯಂತೆ ಇಳಿಸಿದ ಗುಂಡಿಯಿಂದ ಎರಡು ದಿಕ್ಕಿಗೂ, ಹೀಗೆ ನಾಲ್ಕು ಮುಖಗಳಲ್ಲಿ ಕೈಯಿಂದ ಕುಳಿ ಹೊಡೆದು ಮದ್ದು ತುಂಬಿ ಸಿಡಿಸುತ್ತಿದ್ದರು. ಹಗಲೂ ರಾತ್ರಿ ದುಡಿದರೂ ಒಂದು ಮುಖದಲ್ಲಿ ದಿನಕ್ಕೆ ಸಾಗುತ್ತಿದ್ದುದು ಹೆಚ್ಚುಕಡಿಮೆ ಒಂದು ಅಡಿ. ಮಗನ ಸುರಂಗ ಪ್ಲಾಸ್ಟರಿನದು, ಎರಡಡಿ ಉದ್ದ. ಪ್ರಮಾಣಕ್ಕೆ ಸರಿಯಾಗಿ ಕಟ್ಟಿದ್ದರೆ ಹತ್ತೊಂಬತ್ತು ಅಡಿಯಾಗಿ ಗೋಡೆಯನ್ನು ದಾಟಿ ಅಂಗಳಕ್ಕೆ ಹೋಗಬೇಕಾಗಿತ್ತು. ಆ ಒಂದು ದಿನದ ದುಡಿಮೆ ಈ ಹಲಗೆಯ ಮೇಲೆ ಮೂರೂವರೆ ಮಿಲಿಮೀಟರು: ಒಂದು ಹೆಸರುಕಾಳಿನ ಅಗಲ. ಅಡುಗೆಮನೆಯಿಂದ ಹೆಸರುಕಾಳು ತಂದು ಸುರಂಗದ ಉದ್ದಕ್ಕೂ ಹಳಿಯ ಪಕ್ಕ ಜೋಡಿಸಿದೆವು. ನೂರೆಪ್ಪತ್ತಕ್ಕೂ ಹೆಚ್ಚು ಕಾಳು ಹಿಡಿಯಿತು. ಸುಮಾರು ಆರು ತಿಂಗಳು. ಅದನ್ನು ನಮ್ಮ ಎಕ್ಸ್‌ಪ್ರೆಸ್ಸು ಎರಡು ಸೆಕೆಂಡಿನಲ್ಲಿ ದಾಟುತ್ತದೆ. ಮೊಮ್ಮಗ ಅದನ್ನು ಮತ್ತೆ ಮತ್ತೆ ಓಡಿಸಿ ನೋಡಿದ, ಆಮೇಲೆ ಓಡಿಸುವುದನ್ನು ನಿಲ್ಲಿಸಿದ.

ಮರುವಾರ ಬಣ್ಣವಿಲ್ಲದ ಪುಟ್ಟ ಬೊಂಬೆಗಳನ್ನು ತರಿಸಿದೆವು. ಒಂದೊಂದೂ ಎರಡು ಸೆಂಟಿಮೀಟರ್ ಎತ್ತರ. ನನ್ನ ಕೈ ನಡುಗುವುದರಿಂದ ಬಣ್ಣ ಹಚ್ಚುವ ಕೆಲಸ ಅವನಿಗೆ. ಕಾಗದ ಕತ್ತರಿಸಿ ಶಂಕುವಿನಾಕಾರದ ಟೊಪ್ಪಿಗೆ ಸುತ್ತುವುದು ನನಗೆ. ಇಪ್ಪತ್ತಮೂರು ಜನರಾದರು. ಅವರನ್ನು ಸುರಂಗದ ಬಾಯಿಯಲ್ಲಿ, ಹಳಿ ತಿರುಗುವಲ್ಲಿ, ಸಾಲಾಗಿ ಅಂಟಿಸಿದೆವು.

ಆ ಸಂಜೆ ಬಿಗ್ ಬಾಯ್ ಬಂದಿತು. ಬಹಳ ಉದ್ದದ ಇಂಜಿನ್ನಾದ್ದರಿಂದ ತಿರುವಿನಲ್ಲಿ ಅದರ ಬಾಯ್ಲರಿನ ಮೂತಿ ಹಳಿಯಿಂದ ಆಚೆಗೆ ಚಾಚಿಕೊಳ್ಳುತ್ತದೆ. ಮುಂದಿನ ಸಾಲಿನ ಒಂಬತ್ತು ಜನರನ್ನು ಅದು ಗುಡಿಸಿ ಕೆಳಕ್ಕೆ ಹಾಕಿತು. ಬೊಂಬೆಗಳನ್ನು ಎರಡು ಅಂಗುಲ ಹಿಂದಕ್ಕೆ ಸರಿಸೋಣವೆಂದು ನಾನೂ ಮಗನೂ ಹೇಳಿದೆವು. ಮೊಮ್ಮಗ ಒಪ್ಪಲಿಲ್ಲ. ಹಳಿಯೇ ಸರಿಯಲಿ ಎಂದ. ಮಗನು ಶನಿವಾರ ಪೂರ್ತಿ ಮೊಣಕಾಲೂರಿ ಕುಳಿತು, ಆ ಭಾಗವನ್ನು ಕಿತ್ತು ಒಳಗಡೆಗೆ ಹಾಕಿದ. ಇಪ್ಪತ್ತನಾಲ್ಕು ಅಂಗುಲ ತ್ರಿಜ್ಯದ ತಿರುವು ಈಗ ಇಪ್ಪತ್ತೆರಡಾಗಿದೆ; ಬಿಗ್ ಬಾಯ್ ಅಲ್ಲಿ ಸ್ವಲ್ಪ ಕಿರುಗುಟ್ಟುತ್ತದೆ, ನಿಧಾನವಾಗಿ ಹೋಗಬೇಕು.