ಬೊಸೇ ಎಕ್ಯುಮೆನಿಕಲ್ ವಿದ್ಯಾಸಂಸ್ಥೆ

ಸ್ವಿಟ್ಜರ್ಲೆಂಡಿನ ವೋ ಪ್ರಾಂತದಲ್ಲಿ, ಜಿನೀವಾ ನಗರದಿಂದ ಸುಮಾರು 20 ಕಿ.ಮೀ. ದೂರದ ಬೋಗಿ-ಬೊಸೇ ಎಂಬಲ್ಲಿರುವ ಕ್ರೈಸ್ತ ದೇವಶಾಸ್ತ್ರದ ವಸತಿ ವಿದ್ಯಾಸಂಸ್ಥೆ. 1946ರ ಅಕ್ಟೋಬರಿನಲ್ಲಿ ಆರಂಭವಾಯಿತು. ಜಿನೀವಾದಲ್ಲಿ ಕಚೇರಿಯಿರುವ ವಿಶ್ವ ಚರ್ಚುಗಳ ಪರಿಷತ್ತು ಇದನ್ನು ನಡೆಸುತ್ತದೆ. ಇಲ್ಲಿನ ವ್ಯಾಸಂಗಕ್ಕೆ ಜಿನೀವಾ ವಿಶ್ವವಿದ್ಯಾಲಯದ ಮಾನ್ಯತೆಯಿದೆ. ಆಫ್ರಿಕಾ, ಏಷ್ಯಾ, ಯುರೋಪ್, ಅಮೆರಿಕ ಖಂಡಗಳಿಂದಲೂ ಪೆಸಿಫಿಕ್ ದ್ವೀಪಗಳಿಂದಲೂ ಬಂದ ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ವಾಸವಿದ್ದು ಓದುತ್ತಾರೆ. ಅವರಲ್ಲಿ ಪ್ರೊಟೆಸ್ಟಂಟರು, ಆರ್ಥಡಾಕ್ಸ್ ಸಭೆಯವರು, ರೋಮನ್ ಕ್ಯಾಥೊಲಿಕರು, ಪೆಂಟೆಕೋಸ್ಟಲರು ಎಲ್ಲರೂ ಇರುತ್ತಾರೆ. ದೇವಶಾಸ್ತ್ರ ಕಲಿಸುವ ಕಾಲೇಜುಗಳು ಜಗತ್ತಿನಲ್ಲಿ ಸಾವಿರಾರಿವೆ. ಪರಸ್ಪರ ಒಪ್ಪದ ಸಭೆಗಳವರನ್ನು ಒಂದೇ ಮನೆಯಲ್ಲಿರಿಸಿ, ಆ ಬದುಕನ್ನೇ ಮುಖ್ಯ ಪಾಠವೆಂದು ಎಣಿಸಿದ ಸಂಸ್ಥೆಗಳು ಬಹಳ ಕಡಿಮೆ. ಬೊಸೇಯ ಮಹತ್ವ ಇರುವುದು ಅಲ್ಲಿ.

ಸ್ಥಾಪನೆ

ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಒಂದು ವರ್ಷ ಕಳೆದಿತ್ತು. ಯುರೋಪಿನ ರಣರಂಗದಲ್ಲಿ ಎದುರುಬದುರಾಗಿ ನಿಂತವರಲ್ಲಿ ಬಹುಪಾಲು ಮಂದಿ ದೀಕ್ಷಾಸ್ನಾನ ಪಡೆದ ಕ್ರೈಸ್ತರೇ. ಒಂದೇ ಬೈಬಲ್ಲನ್ನು ಓದುವ ಜನ ಒಬ್ಬರನ್ನೊಬ್ಬರು ಕೊಂದಿದ್ದರು, ಎರಡೂ ಕಡೆ ಗೆಲುವಿಗಾಗಿ ಪ್ರಾರ್ಥನೆಗಳು ನಡೆದಿದ್ದವು. ಚರ್ಚುಗಳ ಐಕ್ಯಕ್ಕಾಗಿ, ಎಂದರೆ ಎಕ್ಯುಮೆನಿಕಲ್ ಚಳವಳಿಯಲ್ಲಿ, ಶತಮಾನದ ಆರಂಭದಿಂದ ದುಡಿಯುತ್ತಿದ್ದವರಿಗೆ ಇದು ನುಂಗಲಾರದ ತುತ್ತಾಗಿತ್ತು. ಮುಂದೆ ವಿಶ್ವ ಪರಿಷತ್ತಿನ ಮೊದಲ ಪ್ರಧಾನ ಕಾರ್ಯದರ್ಶಿಯಾದ ಡಚ್ ದೇವಶಾಸ್ತ್ರಜ್ಞ ವಿಸರ್ ಟ್ ಹೋಫ್ಟ್, ನಿರ್ಣಯಗಳನ್ನು ಹೊರಡಿಸುವ ಸಮ್ಮೇಳನಗಳಷ್ಟೇ ಸಾಲವು, ಯುವಜನರು ತಿಂಗಳುಗಟ್ಟಲೆ ಕೂಡಿ ಬಾಳಿ ಕಲಿಯುವ ಒಂದು ಮನೆ ಬೇಕು ಎಂದು ಹಟ ಹಿಡಿದರು. ಅಮೆರಿಕದ ಜಾನ್ ಡಿ. ರಾಕ್‌ಫೆಲ್ಲರ್ ಕಿರಿಯರು ದೊಡ್ಡ ಮೊತ್ತದ ದೇಣಿಗೆ ಕೊಟ್ಟರು. 18ನೆಯ ಶತಮಾನದ ಒಂದು ಹಳೆಯ ಬಂಗಲೆ ದೊರೆಯಿತು. ಹಿಂದೆ ಜೂರಾ ಬೆಟ್ಟಸಾಲು, ಮುಂದೆ ಜಿನೀವಾ ಸರೋವರ, ಆಕಾಶ ತಿಳಿಯಾಗಿದ್ದ ದಿನ ಅದರಾಚೆ ಮೌಂಟ್ ಬ್ಲಾಂಕ್ ಶಿಖರ ಕಾಣುವ ಜಾಗವದು.

ಸಂಸ್ಥೆಯನ್ನು ನಡೆಸುವ ವಿಶ್ವ ಚರ್ಚುಗಳ ಪರಿಷತ್ತು ವಿಧ್ಯುಕ್ತವಾಗಿ ಸ್ಥಾಪನೆಯಾದದ್ದು 1948ರ ಆಗಸ್ಟ್‌ನಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ. ಪರಿಷತ್ತು ಇನ್ನೂ ರೂಪುಗೊಳ್ಳುತ್ತಿದ್ದಾಗಲೇ ಅದರ ವಿದ್ಯಾಶಾಲೆ ಪಾಠ ಶುರುಮಾಡಿತ್ತು. ಯುದ್ಧದಲ್ಲಿ ನೊಂದ ದೇಶಗಳ ತರುಣ ತರುಣಿಯರು ಮೊದಲ ವರ್ಷಗಳಲ್ಲಿ ಇಲ್ಲಿಗೆ ಬಂದರು.

ಮೊದಲ ನಿರ್ದೇಶಕ ಹೆಂಡ್ರಿಕ್ ಕ್ರೇಮರ್ (1948–1955). ಬೈಬಲ್ ಅಧ್ಯಯನದ ಹೊಣೆ ಹೊತ್ತವರು ಫ್ರಾನ್ಸಿನ ಸುಜಾನ್ ದ ದೀತ್ರಿಕ್. ಇಬ್ಬರೂ ಪಾದ್ರಿಗಳಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕ್ರೇಮರ್ ಭಾಷಾವಿದ್ವಾಂಸರು, ಇಂಡೊನೇಷ್ಯಾದಲ್ಲಿ ಬಹುಕಾಲ ದುಡಿದವರು, ಜರ್ಮನರು ಹಾಲೆಂಡನ್ನು ಆಕ್ರಮಿಸಿದ್ದಾಗ ಸೆರೆಯಲ್ಲಿದ್ದವರು. ದೀತ್ರಿಕ್ ಓದಿದ್ದು ಎಂಜಿನಿಯರಿಂಗ್. ಗುಂಪಾಗಿ ಕೂತು, ಒಬ್ಬೊಬ್ಬರೂ ಬಾಯಿಬಿಟ್ಟು ಮಾತಾಡುತ್ತ ವಾಕ್ಯವನ್ನು ಅರಗಿಸಿಕೊಳ್ಳುವ ಅವರ ಕ್ರಮ ಬೊಸೇಯ ರೂಢಿಯಾಯಿತು. ದೇವಶಾಸ್ತ್ರವೆಂದರೆ ಪೀಠದಿಂದ ಇಳಿದು ಬರುವ ಮಾತಲ್ಲ, ವೈದ್ಯ, ವಕೀಲ, ಶಿಕ್ಷಕ, ಕಾರ್ಮಿಕ ಎಲ್ಲರೂ ಪಾಲುಗೊಳ್ಳಬೇಕಾದ ವಿಚಾರ ಎಂಬುದು ಇಬ್ಬರ ನಿಲುವು. ಆ ಕಾಲದ ಹಲವು ಶಿಬಿರಗಳು ನಡೆದದ್ದು ಇಂಥ ವೃತ್ತಿಗಳವರಿಗಾಗಿಯೇ. 1952ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಸ್ನಾತಕೋತ್ತರ ಶಾಲೆ ಆರಂಭವಾದ ಮೇಲೆ ಸಂಸ್ಥೆಗೆ ಈಗಿನ ರೂಪ ಬಂತು.

ಗ್ರೀಕ್ ಆರ್ಥಡಾಕ್ಸ್ ಚಿಂತಕ ನಿಕೋಸ್ ನಿಸಿಯೋಟಿಸ್ (1966–1974), ಕೆನ್ಯಾದ ಜಾನ್ ಎಂಬಿಟಿ (1974–1980), 2001ರಲ್ಲಿ ಆ ಹುದ್ದೆಗೆ ಬಂದ ರೊಮೇನಿಯಾದ ಆರ್ಥಡಾಕ್ಸ್ ಗುರು ಇಯೋನ್ ಸೌಕಾ ನಂತರದ ನಿರ್ದೇಶಕರಲ್ಲಿ ಪ್ರಮುಖರು. ಎಂಬಿಟಿ ಆಫ್ರಿಕಾದ ಜನಪದ ಧರ್ಮಗಳನ್ನು ಕುರಿತು 1969ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹೆಸರಾದವರು. ಯುರೋಪಿನ ಬಂಗಲೆಯಲ್ಲಿ ಯುರೋಪಿನವರ ನೇತೃತ್ವದಲ್ಲಿ ಶುರುವಾದ ಶಾಲೆಯನ್ನು ಮೂರು ದಶಕಗಳೊಳಗೆ ಆಫ್ರಿಕದವರೊಬ್ಬರು ಮುನ್ನಡೆಸಿದ್ದು ಚಿಕ್ಕ ಮಾತಲ್ಲ.

ಸಹಜೀವನ

ಒಂದು ತಂಡದಲ್ಲಿ ಸಾಮಾನ್ಯವಾಗಿ ಐವತ್ತರೊಳಗೆ ವಿದ್ಯಾರ್ಥಿಗಳಿರುತ್ತಾರೆ. ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಲು ಆಗದಷ್ಟು ಚಿಕ್ಕ ಸಮುದಾಯ. ಪಾಠದ ಭಾಷೆ ಇಂಗ್ಲಿಷ್. ಹೆಚ್ಚಿನವರಿಗೆ ಅದು ಎರಡನೆಯದೋ ಮೂರನೆಯದೋ ಭಾಷೆ. ಹೀಗಾಗಿ ಚರ್ಚೆ ನಿಧಾನವಾಗಿ ಸಾಗುತ್ತದೆ. ನಿಧಾನವಾದದ್ದರಿಂದ ಲಾಭವೂ ಇದೆ. ಕೃಪೆ, ಸಂಪ್ರದಾಯ, ಸಭೆ ಎಂಬ ಪದಗಳನ್ನು ತನ್ನ ಪಕ್ಕದವನು ಬೇರೆಯೇ ಅರ್ಥದಲ್ಲಿ ಬಳಸುತ್ತಿದ್ದಾನೆ ಎಂಬುದು ಎರಡನೆಯ ಸಲ ವಿವರಿಸುವಾಗಲೇ ಹೊಳೆಯುತ್ತದೆ. ಲೂಥರನ್ ಸಭೆಯ ಮಹಿಳಾ ಬೋಧಕಿಯೂ ಮಹಿಳೆಯರಿಗೆ ಗುರುದೀಕ್ಷೆ ಸಲ್ಲದೆನ್ನುವ ಸಭೆಯ ಗುರುವೂ ಒಂದೇ ತರಗತಿಯಲ್ಲಿ ಕೂರುತ್ತಾರೆ, ಒಂದೇ ಊಟದ ಮನೆಗೆ ಹೋಗುತ್ತಾರೆ. ಆ ಪ್ರಶ್ನೆ ಅವರಿಬ್ಬರ ಪಾಲಿಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಭೇದಗಳು ಎದ್ದು ಕಾಣುವುದು ಪಂಚಾಂಗದಲ್ಲಿ. ಪಶ್ಚಿಮದ ಸಭೆಗಳಿಗೂ ಗ್ರೀಕ್ ಮತ್ತು ರೊಮೇನಿಯನ್ ಆರ್ಥಡಾಕ್ಸರಿಗೂ ಕ್ರಿಸ್ಮಸ್ ಡಿಸೆಂಬರ್ 25ರಂದು. ಕೇರಳದ ಮಲಂಕರ ಸಭೆಯವರಿಗೂ ಅಂದೇ. ಆರ್ಮೇನಿಯದ ಸಭೆಗೆ ಜನವರಿ 6. ಹಳೆಯ ಜೂಲಿಯನ್ ಪಂಚಾಂಗ ಹಿಡಿದ ರಷ್ಯನ್, ಸರ್ಬಿಯನ್ ಸಭೆಗಳಿಗೂ, ತಮ್ಮದೇ ಪಂಚಾಂಗವಿರುವ ಈಜಿಪ್ಟಿನ ಕಾಪ್ಟಿಕ್ ಮತ್ತು ಇಥಿಯೋಪಿಯದ ಸಭೆಗಳಿಗೂ ಜನವರಿ 7. ಈ ಕೊನೆಯ ಸಾಲಿನವರು ಹಬ್ಬಕ್ಕೆ ಮುನ್ನ ನಲವತ್ತು ದಿನ ಇಲ್ಲವೇ ಅದಕ್ಕೂ ತುಸು ಹೆಚ್ಚು ಉಪವಾಸ ಹಿಡಿಯುತ್ತಾರೆ. ಆಗ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆ ಚೀಸ್ ಕೂಡ ಇಲ್ಲ. ಲೆಕ್ಕ ಹಾಕಿದರೆ ಡಿಸೆಂಬರ್ 25ರಂದು ಉಳಿದವರು ಹಬ್ಬದೂಟಕ್ಕೆ ಕೂರುವ ಹೊತ್ತಿಗೆ ಇಥಿಯೋಪಿಯದ ವಿದ್ಯಾರ್ಥಿ ಇನ್ನೂ ವ್ರತದ ನಡುವೆ ಇರುತ್ತಾನೆ. ಅವನ ತಟ್ಟೆಗೆ ತರಕಾರಿ, ಬೇಳೆ, ಬ್ರೆಡ್ಡು. ಅವನ ಹಬ್ಬ ಬರುವಾಗ ಇತರರ ಹಬ್ಬ ಮುಗಿದು ಎರಡು ವಾರ ಆಗಿರುತ್ತದೆ. ಉಪವಾಸದ ದೇವಶಾಸ್ತ್ರವನ್ನು ಯಾವ ಪಠ್ಯಕ್ರಮಕ್ಕಿಂತಲೂ ಈ ತಟ್ಟೆ ಚೆನ್ನಾಗಿ ತಿಳಿಸಿಕೊಡುತ್ತದೆ. ಉಪವಾಸವನ್ನೇ ಬಿಟ್ಟುಕೊಟ್ಟ ಸಭೆಯಿಂದ ಬಂದವರು ಅದರ ಬಗ್ಗೆ ಮೊದಲ ಸಲ ಗಂಭೀರವಾಗಿ ಯೋಚಿಸುವುದು ಇಂಥ ಊಟದ ಮೇಜಿನಲ್ಲೇ.

ಪ್ರಾರ್ಥನೆ ಮತ್ತು ಪ್ರಭುಭೋಜನ

ದಿನ ಆರಂಭವಾಗುವುದು ಪ್ರಾರ್ಥನಾ ಮಂದಿರದಲ್ಲಿ. ಆರಾಧನೆಯನ್ನು ವಿದ್ಯಾರ್ಥಿಗಳೇ ಸರದಿಯ ಪ್ರಕಾರ ತಮ್ಮ ತಮ್ಮ ಸಭೆಗಳ ಪದ್ಧತಿಯಂತೆ ಸಿದ್ಧಪಡಿಸುತ್ತಾರೆ. ಒಂದು ದಿನ ವಾದ್ಯವಿಲ್ಲದ ಆರ್ಥಡಾಕ್ಸ್ ಗಾಯನ, ಧೂಪ, ವಿಗ್ರಹಚಿತ್ರ. ಇನ್ನೊಂದು ದಿನ ಆಫ್ರಿಕದ ಚಪ್ಪಾಳೆ, ಕುಣಿತ. ಮತ್ತೊಂದು ದಿನ ಬರಿಯ ಬೈಬಲ್ ವಾಚನ ಮತ್ತು ಮೌನ. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಪ್ರತಿಯೊಬ್ಬರೂ ತಂತಮ್ಮ ತಾಯ್ನುಡಿಯಲ್ಲಿ ಒಟ್ಟಿಗೆ ಹೇಳುವುದು ಎಕ್ಯುಮೆನಿಕಲ್ ಕೂಟಗಳಲ್ಲೆಲ್ಲ ರೂಢಿ.

ಇಷ್ಟೆಲ್ಲ ಕೂಡಿ ನಡೆದರೂ, ಯೇಸುವಿನ ಕೊನೆಯ ಭೋಜನವನ್ನು ನೆನೆದು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಮುಂದೆ ಬಂದಾಗ ದಾರಿಗಳು ಬೇರೆಯಾಗುತ್ತವೆ. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಪರಮಪ್ರಸಾದ ಸಾಮಾನ್ಯವಾಗಿ ಕ್ಯಾಥೊಲಿಕರಿಗೆ. ಆರ್ಥಡಾಕ್ಸರದು ಆರ್ಥಡಾಕ್ಸರಿಗೆ. ಹೆಚ್ಚಿನ ಪ್ರೊಟೆಸ್ಟಂಟ್ ಸಭೆಗಳು ದೀಕ್ಷಾಸ್ನಾನವಾದ ಎಲ್ಲರನ್ನೂ ಕರೆದರೂ ಕರೆಸಿಕೊಂಡವರೆಲ್ಲರೂ ಬರುವಂತಿಲ್ಲ. ಆರ್ಥಡಾಕ್ಸರೆಂಬ ಹೆಸರಿನ ಒಳಗೂ ಬಿರುಕಿದೆ: ಗ್ರೀಕ್, ರಷ್ಯನ್ ಸಭೆಗಳೂ ಕಾಪ್ಟಿಕ್, ಆರ್ಮೇನಿಯನ್, ಇಥಿಯೋಪಿಯನ್, ಮಲಂಕರ ಸಭೆಗಳೂ ಕ್ರಿ.ಶ. 451ರ ಕ್ಯಾಲ್ಸಿಡನ್ ಮಹಾಸಭೆಯ ವಿವಾದದಿಂದ ಬೇರೆಯಾದವು. ಆರು ತಿಂಗಳು ಒಂದೇ ಮೇಜಿನಲ್ಲಿ ಊಟ ಮಾಡಿದ ಗೆಳೆಯರು ಆ ಒಂದು ಊಟದಲ್ಲಿ ಮಾತ್ರ ಪಾಲುಗೊಳ್ಳಲಾರರು. ಪಂಕ್ತಿಭೇದದ ನೋವನ್ನು ಕಂಡುಂಡ ನಮ್ಮ ನಾಡಿನವರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು: ಇಲ್ಲಿ ತಡೆಯುವುದು ಹುಟ್ಟಿನ ಮೇಲುಕೀಳಲ್ಲ, ನಂಬಿಕೆಯ ಒಪ್ಪಿಗೆಯಿಲ್ಲದೆ ಸಂಸ್ಕಾರವನ್ನು ಹಂಚಿಕೊಂಡರೆ ಅದು ಸುಳ್ಳಾಗುತ್ತದೆಂಬ ಭಾವನೆ. ಇನ್ನೊಂದು ಪಕ್ಷದವರು ಹೇಳುವುದು, ಹಂಚಿಕೊಳ್ಳುತ್ತ ಹೋದರೇ ಒಪ್ಪಿಗೆ ಹುಟ್ಟುತ್ತದೆ ಎಂದು. ವಾದ ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ನಡೆದಿದೆ, ಮುಗಿದಿಲ್ಲ.

1990ರ ದಶಕದ ಕೊನೆಯಲ್ಲಿ ಈ ಬಿಕ್ಕಟ್ಟು ಇಡೀ ಪರಿಷತ್ತನ್ನೇ ಅಲುಗಿಸಿತು. ಜಾರ್ಜಿಯದ ಆರ್ಥಡಾಕ್ಸ್ ಸಭೆ 1997ರಲ್ಲಿ, ಬಲ್ಗೇರಿಯದ್ದು 1998ರಲ್ಲಿ ಪರಿಷತ್ತನ್ನು ಬಿಟ್ಟವು. ಇದಾದ ಮೇಲೆ ನೇಮಕವಾದ ವಿಶೇಷ ಆಯೋಗ 2002ರಲ್ಲಿ ವರದಿ ಕೊಟ್ಟಿತು. ಒಂದು ಸಭೆಯ ಪದ್ಧತಿಯಂತೆ ನಡೆಸುವ ಪ್ರಾರ್ಥನೆ ಬೇರೆ, ಎಲ್ಲರೂ ಕೂಡಿ ರೂಪಿಸಿದ ಪ್ರಾರ್ಥನೆ ಬೇರೆ, ಎರಡನ್ನೂ ಗೊಂದಲವಿಲ್ಲದೆ ಹೆಸರಿಸಿ ನಡೆಸಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಇಲ್ಲದ ಐಕ್ಯವನ್ನು ಇದೆಯೆಂದು ತೋರಿಸಬಾರದೆಂಬ ಈ ಪ್ರಾಮಾಣಿಕತೆಯೇ ಬೊಸೇಯ ದೊಡ್ಡ ಗುಣ. ತೋರಿಕೆಯ ಸೌಹಾರ್ದ ಸುಲಭ. ಭೇದವನ್ನು ಬಾಯಿಬಿಟ್ಟು ಹೇಳಿ, ಮರುದಿನ ಬೆಳಗ್ಗೆ ಮತ್ತೆ ಅದೇ ಮಂದಿರಕ್ಕೆ ಬರುವುದು ಕಷ್ಟ.

ರೋಮನ್ ಕ್ಯಾಥೊಲಿಕ್ ಧರ್ಮಸಭೆ ವಿಶ್ವ ಪರಿಷತ್ತಿನ ಸದಸ್ಯ ಸಭೆಯಲ್ಲ. ಆದರೂ ವ್ಯಾಟಿಕನ್ ಬೊಸೇಗೆ ಒಬ್ಬ ಪ್ರಾಧ್ಯಾಪಕರನ್ನು ಕಳುಹಿಸಿಕೊಡುತ್ತದೆ. ವಿದ್ಯಾರ್ಥಿಗಳು ಜನವರಿಯಲ್ಲಿ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥಿಸುವ ಸಪ್ತಾಹದ ಸುಮಾರಿಗೆ ರೋಮಿಗೆ ಅಧ್ಯಯನ ಪ್ರವಾಸ ಹೋಗುವ ವಾಡಿಕೆಯಿದೆ. 2018ರ ಜೂನ್ 21ರಂದು ಪೋಪ್ ಫ್ರಾನ್ಸಿಸ್ ಪರಿಷತ್ತಿನ 70ನೆಯ ವರ್ಷದ ನಿಮಿತ್ತ ಜಿನೀವಾಕ್ಕೆ ಬಂದಾಗ ಮಧ್ಯಾಹ್ನದ ಊಟ ಮಾಡಿದ್ದು ಬೊಸೇಯಲ್ಲಿ. ಕಾನ್‌ಸ್ಟಾಂಟಿನೋಪಲಿನ ಆರ್ಥಡಾಕ್ಸ್ ಪೇಟ್ರಿಯಾರ್ಕ್ ಬಾರ್ತೊಲೊಮ್ಯೂ ಇಲ್ಲಿನ ಹಳೆಯ ವಿದ್ಯಾರ್ಥಿ.

ಭಾರತದ ನಂಟು

ಕ್ರೇಮರ್ ಬೊಸೇಗೆ ಬರುವ ಹತ್ತು ವರ್ಷ ಮೊದಲೇ ಭಾರತದ ಕ್ರೈಸ್ತ ಚಿಂತಕರೊಡನೆ ಅವರ ಜಟಾಪಟಿ ನಡೆದಿತ್ತು. 1938ರಲ್ಲಿ ಮದರಾಸಿನ ಬಳಿಯ ತಾಂಬರಮ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನಕ್ಕಾಗಿ ಅವರು ಬರೆದ ಗ್ರಂಥ, ಬೈಬಲಿನ ದೈವಪ್ರಕಟನೆಗೂ ಇತರ ಧರ್ಮಗಳಿಗೂ ನಡುವೆ ಆಳವಾದ ಕಂದಕವಿದೆಯೆಂದು ವಾದಿಸಿತ್ತು. ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದವರು ಅದನ್ನು ಕಟುವಾಗಿ ಎದುರಿಸಿದರು.

ಆ ಕಂದಕದ ಮೇಲೆ ಸೇತುವೆ ಕಟ್ಟಲು ಹೊರಟವರಲ್ಲಿ ಮುಖ್ಯರಾದವರು ಕನ್ನಡ ನಾಡಿನವರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಜೆ. ಸಮರ್ಥ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಓದಿ, ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಪ್ರಿನ್ಸಿಪಾಲರಾಗಿ, ಬೆಂಗಳೂರಿನಲ್ಲೂ ಸೆರಾಂಪುರದಲ್ಲೂ ಪಾಠ ಹೇಳಿ ಜಿನೀವಾಕ್ಕೆ ಹೋದರು. 1971ರಿಂದ 1980ರವರೆಗೆ ವಿಶ್ವ ಪರಿಷತ್ತಿನ ಅಂತರ್ಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾಗಿದ್ದರು. 1970ರಲ್ಲಿ ಲೆಬನಾನಿನ ಅಜಲ್ತೂನ್‌ನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತ ವಿದ್ವಾಂಸರು ಕೂಡಿ ಕುಳಿತ ಗೋಷ್ಠಿಯ ಹಿಂದೆ ಇದ್ದವರೂ ಅವರೇ. ಹಲವು ಧರ್ಮಗಳ ನೆರೆಹೊರೆಯಲ್ಲಿ ಬೆಳೆದ ಕರಾವಳಿಯ ಮನುಷ್ಯನಿಗೆ ಸಂವಾದವು ಹೊರಗಿನಿಂದ ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ. ಈಗ ಬೊಸೇಯಲ್ಲಿ ಯಹೂದಿ, ಕ್ರೈಸ್ತ, ಮುಸ್ಲಿಂ ಯುವಜನರು ಜೊತೆಯಾಗಿ ಓದುವ ಬೇಸಗೆ ಶಿಬಿರ ನಡೆಯುತ್ತದೆ. ಕ್ರೇಮರ್‌ರ ಮನೆಯಲ್ಲಿ ಸಮರ್ಥರ ಹಾದಿ ತೆರೆದುಕೊಂಡಿದೆ ಎನ್ನಲು ಅಡ್ಡಿಯಿಲ್ಲ.

ಕೇರಳದ ಪಾಲೂ ದೊಡ್ಡದು. 451ರ ಬಿರುಕನ್ನು ಮುಚ್ಚುವ ಯತ್ನವಾಗಿ 1964ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಎರಡೂ ಆರ್ಥಡಾಕ್ಸ್ ಕುಟುಂಬಗಳ ದೇವಶಾಸ್ತ್ರಜ್ಞರು ಅನಧಿಕೃತವಾಗಿ ಸೇರಿದರು. ಅದನ್ನು ಸಂಘಟಿಸಿದವರು ಬೊಸೇಯ ನಿಸಿಯೋಟಿಸ್ ಮತ್ತು ಮುಂದೆ ಪೌಲೋಸ್ ಮಾರ್ ಗ್ರೆಗೋರಿಯೋಸ್ ಎಂದು ಪ್ರಸಿದ್ಧರಾದ ಪಾಲ್ ವರ್ಗೀಸ್.

ಕೊರತೆಗಳು, ಪ್ರವೇಶ

ದುಬಾರಿ ದೇಶದಲ್ಲಿ ಹಳೆಯ ಬಂಗಲೆಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಆವರಣದ ಒಂದು ಭಾಗ ಹೋಟೆಲ್ ಮತ್ತು ಸಮ್ಮೇಳನ ಕೇಂದ್ರವಾಗಿಯೂ ನಡೆಯುತ್ತದೆ. ಬಡ ದೇಶಗಳ ವಿದ್ಯಾರ್ಥಿಗಳು ಬರುವುದು ವಿದ್ಯಾರ್ಥಿವೇತನದ ಬಲದಿಂದ. ಸಭೆಗಳ ದೇಣಿಗೆ ಕುಗ್ಗಿದಾಗ ಮೊದಲು ಪೆಟ್ಟು ಬೀಳುವುದೂ ಅವರಿಗೇ. ಇಂಗ್ಲಿಷ್ ಬಾರದ ಹಳ್ಳಿಯ ಬೋಧಕನಿಗೆ ಈ ಬಾಗಿಲು ತೆರೆಯುವುದಿಲ್ಲ. ಐಕ್ಯದ ಪಾಠ ಹೆಚ್ಚು ಬೇಕಾದವನು ಅವನೇ ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ಪ್ರವೇಶಕ್ಕೆ ದೇವಶಾಸ್ತ್ರದಲ್ಲಿ ಪದವಿ ಅಥವಾ ತತ್ಸಮಾನ ವಿದ್ಯಾರ್ಹತೆಯ ಜೊತೆಗೆ ಅಭ್ಯರ್ಥಿಯ ಸ್ವಂತ ಸಭೆಯ ಶಿಫಾರಸು ಪತ್ರ ಬೇಕು. ದಕ್ಷಿಣ ಭಾರತ ಸಭೆ ವಿಶ್ವ ಪರಿಷತ್ತಿನ ಸದಸ್ಯ ಸಭೆಯಾಗಿರುವುದರಿಂದ ಅದರ ಬೆಂಗಳೂರು, ಮಂಗಳೂರು, ಧಾರವಾಡ ಕೇಂದ್ರಿತ ಮೂರೂ ಧರ್ಮಪ್ರಾಂತಗಳ ಅಭ್ಯರ್ಥಿಗಳು ತಮ್ಮ ಸಭೆಯ ಮೂಲಕ ಅರ್ಜಿ ಸಲ್ಲಿಸಬಹುದು.