ಪಶ್ಚಿಮ ಗ್ಯಾಲರಿಯ ಸದ್ದು ಯಾರ ಸ್ವತ್ತು?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಗೆ ದೊಡ್ಡ ಫುಟ್‌ಬಾಲ್ ಬರುವುದು ಟೀವಿಯಲ್ಲೇ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯವಿದ್ದರೆ, ಆಟ ಕಾಣುವ ಮೊದಲೇ ಪಶ್ಚಿಮ ಗ್ಯಾಲರಿಯ ಹಾಡು, ಚಪ್ಪಾಳೆ ಕೇಳುತ್ತದೆ. ಆ ಸದ್ದಿನ ಮೇಲೆ ಜಾಹೀರಾತಿನ ವ್ಯಾಪಾರ ನಡೆಯುತ್ತದೆ. ಅದನ್ನು ಹುಟ್ಟಿಸುವವರು ಮಾತ್ರ ಟಿಕೆಟ್ಟಿಗೆ ತಾವೇ ದುಡ್ಡು ಕೊಟ್ಟು ಬಂದವರು.

ಬೆಂಗಳೂರಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದ್ದು ಕಂಪನಿಗಳಲ್ಲ. ದಂಡಿನ ಬ್ರಿಟಿಷ್ ಸೈನಿಕರ ಆಟವನ್ನು ಸುತ್ತಲ ಓಣಿಗಳ ಹುಡುಗರು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ತಂದಿತು. ಮುಂದೆ ಎಚ್‌ಎಎಲ್, ಐಟಿಐ ತಂಡಗಳ ಕಾಲದಲ್ಲಿ ಆಟಗಾರನೂ ಪ್ರೇಕ್ಷಕನೂ ಎಷ್ಟೋ ಸಲ ಒಂದೇ ಕಾರ್ಖಾನೆಯವರು.

2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಶುರುವಾದ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಪಶ್ಚಿಮ ಗ್ಯಾಲರಿಯ ಅಭಿಮಾನಿಗಳು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡರು. ಹಣ ತಂಡ ಕೊಟ್ಟಿತು. ದನಿ ಕೊಟ್ಟವರು ಇವರು.

ವಾಣಿಜ್ಯವೆಂದರೆ ಬರೀ ಕೇಡಲ್ಲ. ಕಾಫಿ ಬೋರ್ಡಿನ ಪೂಲ್ ಪದ್ಧತಿ 1990ರ ದಶಕದಲ್ಲಿ ಮುಗಿದಾಗ ಬೆಳೆಗಾರರಿಗೆ ಒಳ್ಳೆಯ ದರವೂ ಸಿಕ್ಕಿತು, ಆಮೇಲೆ ದರ ಕುಸಿತದ ಪೆಟ್ಟೂ ಬಿತ್ತು. ಆದರೆ ಬೆಳೆಗಾರನ ಕೈಯಲ್ಲಿ ಕಾಫಿಯಾದರೂ ಇತ್ತು. ಅಭಿಮಾನಿಯ ಕೈಯಲ್ಲಿ ಏನಿದೆ?

2014ರಲ್ಲಿ ಹುಟ್ಟಿದ ಐಎಸ್‌ಎಲ್‌ನಲ್ಲಿ ಜಾಗ ಸಿಗುತ್ತಿದ್ದದ್ದು ಫ್ರಾಂಚೈಸಿ ಶುಲ್ಕಕ್ಕೆ. ಕೆಳದರ್ಜೆಗೆ ಇಳಿಯುವ ಭಯವಿರಲಿಲ್ಲ. ಬೆಂಗಳೂರು ಎಫ್‌ಸಿ 2017ರಲ್ಲಿ ಅಲ್ಲಿಗೆ ಹೋಗಿ 2018-19ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಕೋವಿಡ್ ಕಾಲದ ಎರಡು ಋತುಗಳು ಗೋವಾದಲ್ಲಿ, ಖಾಲಿ ಗ್ಯಾಲರಿಗಳ ನಡುವೆ ನಡೆದವು. ಪ್ರೇಕ್ಷಕರಿಲ್ಲದೆಯೂ ಪ್ರಸಾರ ಸಾಗುತ್ತದೆ ಎಂದು ಆಗ ತಿಳಿಯಿತು. ಆ ಆಟ ಎಷ್ಟು ಸಪ್ಪೆ ಎನ್ನುವುದೂ ತಿಳಿಯಿತು.

ಪ್ರೇಕ್ಷಕ ಪೂರ್ತಿ ನಿರ್ಬಲನೂ ಅಲ್ಲ. 1889ರಲ್ಲಿ ಹುಟ್ಟಿದ ಕೋಲ್ಕತ್ತದ ಮೋಹನ್ ಬಾಗಾನ್ ಹೆಸರಿನ ಹಿಂದೆ 2020ರಲ್ಲಿ ‘ಎಟಿಕೆ’ ಎಂಬ ಫ್ರಾಂಚೈಸಿ ಗುರುತು ಅಂಟಿತು. ಅಭಿಮಾನಿಗಳು ಪಟ್ಟು ಬಿಡದೆ ಪ್ರತಿಭಟಿಸಿದರು. 2023ರ ಮಾರ್ಚ್‌ನಲ್ಲಿ ಗೋವಾದ ಫೈನಲ್ಲಿನಲ್ಲಿ ಬೆಂಗಳೂರನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿಯೇ, ಆ ಮೂರಕ್ಷರ ತೆಗೆಯುವುದಾಗಿ ಮಾಲೀಕರು ಸಾರಿದರು. ಬಂದ ಹೊಸ ಹೆಸರಿನಲ್ಲೂ ‘ಸೂಪರ್ ಜೈಂಟ್’ ಎಂಬ ಬಾಲ ಉಳಿಯಿತು. ಅರ್ಧ ಗೆಲುವು, ಆದರೂ ಗೆಲುವೇ.

2010ರಲ್ಲಿ ಫುಟ್‌ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಬಿಟ್ಟುಕೊಟ್ಟಿತ್ತು. ಆ ಕರಾರು ಮುಗಿಯುತ್ತ ಬಂದು ಮುಂದಿನದು ಇತ್ಯರ್ಥವಾಗದೆ, 2025ರ ಜುಲೈನಲ್ಲಿ ಐಎಸ್‌ಎಲ್ ಸ್ಥಗಿತವಾಯಿತು. ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನು ತಡೆಹಿಡಿಯಿತು. ಆ ವರ್ಷ ಮುಗಿದರೂ ಲೀಗ್ ಶುರುವಾಗಲಿಲ್ಲ. ಮಾತುಕತೆ ನಡೆದದ್ದು ಫೆಡರೇಷನ್, ಕಂಪನಿ, ಕ್ಲಬ್ಬು ಮತ್ತು ನ್ಯಾಯಾಲಯದ ನಡುವೆ.

ಪಶ್ಚಿಮ ಗ್ಯಾಲರಿಗೆ ಆ ಮೇಜಿನಲ್ಲಿ ಕುರ್ಚಿ ಇರಲಿಲ್ಲ. ಜರ್ಮನಿಯಲ್ಲಿ ಹೆಚ್ಚಿನ ಕ್ಲಬ್ಬುಗಳ ಮತದಾನದ ಹಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸದಸ್ಯರದೇ ಆಗಿರಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಷ್ಟು ಬೇಡ, ಒಂದು ಕುರ್ಚಿ ಸಾಕು. ಓಣಿಯಿಂದ ಬಂದ ಆಟದಲ್ಲಿ ಓಣಿಯವರು ಕೇಳುವುದು ದೊಡ್ಡ ಪಾಲೇನಲ್ಲ.